ರೇಷ್ಮೆ ಬೇಸಿನ್ನಿನ ಬಿಸಿನೀರಿನಿಂದ ಕರೆಂಟ್ ತೆಗೆಯಬಹುದಾ?

ಶಿಡ್ಲಘಟ್ಟ ರೀಲರ್:
ನಮ್ಮದು ಕಾಟೇಜ್ ಬೇಸಿನ್, ಅಂದರೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕ. ಗೂಡು ಬೇಯಿಸಿದ ನೀರನ್ನು ಚರಂಡಿಗೆ ಬಿಡುವಾಗಲೂ 70 ಡಿಗ್ರಿ ಇರುತ್ತದೆ. ಪಕ್ಕದಲ್ಲೇ ತಣ್ಣೀರಿನ ತೊಟ್ಟಿ. ಈ ವ್ಯತ್ಯಾಸದಿಂದಲೇ ಕರೆಂಟ್ ಕೊಡುವ ದ್ರವದ ಸೆಲ್ ಇದೆ ಅಂತ ಬಿ.ಎಸ್ಸಿ. ಓದುವ ಮಗಳು ಹೇಳುತ್ತಾಳೆ. ಕರೆಂಟ್ ಹೋದಾಗ ಎರಡು ಬಲ್ಬ್ ಉರಿದರೂ ಸಾಕು. ಆಗುತ್ತದಾ?

ವೈರ್‌ಮ್ಯಾನ್:
ಪೆಲ್ಟಿಯರ್ ಪ್ಲೇಟ್ ಅಂಟಿಸಿ ಸರ್, ಒಂದು ಮೈ ಬಿಸಿ ಇನ್ನೊಂದು ಮೈ ತಣ್ಣಗಿದ್ದರೆ ಅದೇ ಕರೆಂಟ್ ಕೊಡುತ್ತದೆ. ದ್ರವ ಗಿವ ಯಾಕೆ?

ಬೀಕರ್ ಅಕ್ಕ:
ಅಣ್ಣಾ, ಮಗಳು ಹೇಳಿದ್ದು ನಿಜ. ಅದಕ್ಕೆ ಥರ್ಮೋಸೆಲ್ ಅಂತಾರೆ. ಲ್ಯಾಬಿನಲ್ಲಿ ನಾನು ದಿನಾ ನೋಡುವುದು ಅದನ್ನೇ. ಪೊಟ್ಯಾಶಿಯಂ ಫೆರೋಸಯನೈಡ್, ಫೆರಿಸಯನೈಡ್ ಎರಡನ್ನೂ ಕರಗಿಸಿದ ಹಳದಿ ನೀರು, ಎರಡು ತುದಿಗೆ ಕಾರ್ಬನ್ ಬಟ್ಟೆ. ಬಿಸಿ ಕಡೆ ಫೆರೋ ಎಲೆಕ್ಟ್ರಾನ್ ಬಿಟ್ಟು ಫೆರಿ ಆಗುತ್ತದೆ, ತಣ್ಣನೆ ಕಡೆ ಫೆರಿ ಅದನ್ನು ತಗೊಂಡು ಮತ್ತೆ ಫೆರೋ ಆಗುತ್ತದೆ. ಏನೂ ಖರ್ಚಾಗುವುದಿಲ್ಲ, ಬಿಸಿ ಇರುವವರೆಗೂ ಓಡುತ್ತದೆ. ಆದರೆ ಈ ನೀರಿಗೆ ಆಸಿಡ್ ಮಾತ್ರ ತಾಗಿಸಬಾರದು, ವಿಷಗಾಳಿ ಬರಬಹುದು.

ವೋಲ್ಟೇಜ್ ಡಿಗ್ರಿಗೆ 1.4 ಮಿಲಿವೋಲ್ಟ್. ಪೆಲ್ಟಿಯರ್‌ನ ಒಳಗಿನ ಅರೆವಾಹಕ ತುಂಡುಗಳ ಒಂದು ಜೋಡಿ ಕೊಡುವುದು ಸುಮಾರು 0.4, ಹಾಗಾಗಿ ಈ ಲೆಕ್ಕದಲ್ಲಿ ದ್ರವವೇ ಮೇಲು. 40 ಡಿಗ್ರಿ ವ್ಯತ್ಯಾಸಕ್ಕೆ 56 ಮಿಲಿವೋಲ್ಟ್, ಅಂದರೆ ಒಂದು ಟಾರ್ಚ್ ಸೆಲ್ಲಿನಷ್ಟು ವೋಲ್ಟೇಜ್‌ಗೆ 27 ಸೆಲ್ ಸಾಲಾಗಿ ಜೋಡಿಸಬೇಕು. ತೊಂದರೆ ಇರುವುದು ಬೇರೆ ಕಡೆ. ದ್ರವದೊಳಗೆ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಓಡಾಡುವುದು ನಿಧಾನ, ಕರೆಂಟ್ ತೀರಾ ಕಡಿಮೆ. ಮೇಲಾಗಿ ಶಾಖ ಸುಮ್ನೆ ದ್ರವದ ಮೂಲಕ ತಣ್ಣನೆ ಕಡೆಗೆ ಹರಿದು ಹೋಗುತ್ತದೆ.

ಲೆಕ್ಕ ಹಾಕೋಣ. 100 ಲೀಟರ್ ನೀರು 70ರಿಂದ 30ಕ್ಕೆ ಇಳಿದರೆ ಹೊರಬರುವ ಶಾಖ 4.6 ಯೂನಿಟ್. ಧಾರಾಳವಾಗಿ ನೂರಕ್ಕೆ ಒಂದು ಪಾಲು ಕರೆಂಟ್ ಆಯಿತು ಅಂದುಕೊಳ್ಳಿ. ಒಂಬತ್ತು ವಾಟಿನ ಒಂದು ಬಲ್ಬ್ ಐದು ಗಂಟೆ ಉರಿಯುತ್ತದೆ. ಅಷ್ಟೇ.

2014ರಲ್ಲಿ ಎಂಐಟಿ, ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ದಾರಿ ತೋರಿಸಿದರು. ಬ್ಯಾಟರಿಯನ್ನೇ 60 ಡಿಗ್ರಿಯಲ್ಲಿ ಕಡಿಮೆ ವೋಲ್ಟೇಜಿಗೆ ಚಾರ್ಜ್ ಮಾಡಿ, 10 ಡಿಗ್ರಿಗೆ ತಣಿಸಿ ಜಾಸ್ತಿ ವೋಲ್ಟೇಜಿಗೆ ಡಿಸ್ಚಾರ್ಜ್ ಮಾಡುವುದು. 5.7% ದಕ್ಷತೆ ಬಂತು, ಅದೂ ಅರ್ಧ ಶಾಖ ಮರುಬಳಕೆ ಆಗುತ್ತದೆ ಅಂತ ಲೆಕ್ಕ ಹಿಡಿದು. 10 ಡಿಗ್ರಿ ನೀರು ಶಿಡ್ಲಘಟ್ಟದಲ್ಲಿ ಎಲ್ಲಿ ಸಿಗುತ್ತದೆ ಹೇಳಿ!

ಶಿಡ್ಲಘಟ್ಟ ರೀಲರ್:
ಹಾಗಾದರೆ ಬಲ್ಬಿನ ಆಸೆ ಬಿಡಬೇಕಾ ಅಕ್ಕಾ?

ಬೀಕರ್ ಅಕ್ಕ:
ಬಲ್ಬಿಗೆ ಸಣ್ಣ ಸೋಲಾರ್ ಪ್ಯಾನೆಲ್ ಹಾಕಿಸಿ. ಬಿಸಿನೀರನ್ನು ಬಿಸಿನೀರಾಗಿಯೇ ಬಳಸಿ. ಚರಂಡಿಗೆ ಹೋಗುವ ದಾರಿಯಲ್ಲಿ ತಾಮ್ರದ ಕಾಯಿಲ್ ಇಟ್ಟು, ಒಲೆಗೆ ಹೋಗುವ ತಣ್ಣೀರನ್ನು ಅದರೊಳಗೆ ಹಾಯಿಸಿ. ಅರ್ಧ ಶಾಖ ವಾಪಸ್ ಬಂದರೂ ಸೌದೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಒಂದೇ ಕಾಟ, ಗೂಡಿನ ಅಂಟು. ನೀರು ಆರಿದ ಹಾಗೆ ಅದು ಲೋಳೆಯಾಗಿ ಕಾಯಿಲ್‌ಗೆ ಕಟ್ಟಿಕೊಳ್ಳುತ್ತದೆ. ಬಿಚ್ಚಿ ಉಜ್ಜಲು ಬರುವ ಹಾಗೆ ಮಾಡಿಸಿ. ಮಗಳಿಗೆ ಥರ್ಮೋಸೆಲ್ ಪ್ರಾಜೆಕ್ಟ್ ಬೇಕಿದ್ದರೆ ಕೇಳಲಿ, ಎಲೆಕ್ಟ್ರೋಡ್ ಬಟ್ಟೆ ಕಳಿಸುತ್ತೇನೆ.