ಸಹಾಯ ಬೇಕು: ಮಳೆಗಾಲದಲ್ಲಿ ಉಪ್ಪುನೀರಿನ ಅಕ್ವೇರಿಯಂನ ಪಿಎಚ್ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಜಡಿಮಳೆ ಹಿಡಿದಾಗಿನಿಂದ ಕಿಟಕಿಗಳೆಲ್ಲ ಮುಚ್ಚಿಯೇ ಇವೆ. ಅಕ್ವೇರಿಯಂನ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಬೆಳಗಿನ ಹೊತ್ತು 7.8ಕ್ಕೆ ಇಳಿಯುತ್ತಿದೆ, 8.1ರಿಂದ 8.4ರೊಳಗಿದ್ದರೆ ಒಳ್ಳೆಯದು. ಅಮೋನಿಯಾ ಸೊನ್ನೆ, ಕ್ಷಾರೀಯತೆ 8 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ), ಸಾಪೇಕ್ಷ ಸಾಂದ್ರತೆ 1.025. ಅದೇ ನೀರನ್ನು ಲೋಟಕ್ಕೆ ತೆಗೆದು, ಜಗಲಿಯಲ್ಲಿಟ್ಟು ಏರ್ ಪಂಪ್‌ನಿಂದ ಒಂದು ಗಂಟೆ ಗುಳ್ಳೆ ಬಿಟ್ಟು ಅಳೆದರೆ ಪಿಎಚ್ ಏರುತ್ತದೆ. ಹಾಗಾಗಿ ಮನೆಯೊಳಗೆ ಸೇರಿಕೊಂಡು ನೀರಲ್ಲಿ ಕರಗಿ ಪಿಎಚ್ ಇಳಿಸುವ ಇಂಗಾಲದ ಡೈಆಕ್ಸೈಡೇ ಕಾರಣ ಎನ್ನುವುದು ನನ್ನ ಅಭಿಪ್ರಾಯ.

ಹೊರಗಿನ ಗಾಳಿ ಸಿಗಲೆಂದು ಪ್ರೋಟೀನ್ ಸ್ಕಿಮ್ಮರ್‌ನ (ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸಾಧನ) ಗಾಳಿಕೊಳವೆಯನ್ನು ಗೋಡೆಯಾಚೆಗೆ ಹಾಯಿಸಬೇಕೆಂದಿದ್ದೇನೆ. ಮಲೆನಾಡಿನಲ್ಲಿ ಯಾರಾದರೂ ಹೀಗೆ ಮಾಡಿದ್ದೀರಾ? ಕೊಳವೆಗೆ ಬೂಷ್ಟು ಹಿಡಿಯುವುದೇ? ಇದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಪಕ್ಕದಲ್ಲೇ ಅಡಿಕೆ ತೋಟ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವಿದು. ಅದರಲ್ಲಿರುವ ತಾಮ್ರ ಹವಳಕ್ಕೂ ಸಿಗಡಿಗೂ ವಿಷ. ಸಿಂಪಡಣೆಯ ದಿನ ಕೊಳವೆ ಮುಚ್ಚಿದರೆ ಸಾಕೇ, ಅಥವಾ ಬಾಯಿಗೆ ಯಾವುದಾದರೂ ಫಿಲ್ಟರ್ ಕಟ್ಟಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.