ಇಬ್ಬರಿರುವ ಹಾಸ್ಟೆಲ್ ರೂಮು: ಮೊಳೆ ಹೊಡೆಯದೆ ಮರೆ ಮಾಡಿಕೊಳ್ಳೋದು ಹೇಗೆ?

ಮೂಲೆಮಂಚ
ರೂಮು 3.6 × 3 ಮೀಟರ್. ಎರಡು ಮಂಚ, ತಲಾ 90 × 190 ಸೆಂ.ಮೀ. ನನ್ನದು ಮೂಲೆಯಲ್ಲಿದೆ, ಒಂದು ಉದ್ದದ ಬದಿ ಮತ್ತು ತಲೆಯ ಕಡೆ ಗೋಡೆ, ಉಳಿದೆರಡು ಬದಿ ಬಯಲು. ಡ್ರಿಲ್, ಮೊಳೆ ಎರಡಕ್ಕೂ ಅನುಮತಿಯಿಲ್ಲ. ಎರಡು ಗೋಡೆಗೂ ಅಂಟಿಸುವ ಹುಕ್ ಹಾಕಿ, ರೂಮಿನ ನಡುವೆ 3 ಮೀಟರ್ ತಂತಿ ಬಿಗಿದು ಪರದೆ ಇಳಿಬಿಡೋಣ ಅಂತಿದ್ದೇನೆ. ನಿಲ್ಲುತ್ತಾ? ಬಟ್ಟೆ ಬದಲಿಸೋಕೆ, ಮಲಗೋಕೆ, ರಾತ್ರಿ ಓದೋಕೆ ಮರೆಯಾದರೆ ಸಾಕು. ರೂಮ್‌ಮೇಟ್ ಒಪ್ಪಿದ್ದಾರೆ.

ಅಳತೆಪಟ್ಟಿ
ನಿಲ್ಲಲ್ಲ. ಪರದೆ 2 ಕೆ.ಜಿ. ಇದೆ, ನಡುವಿನ ಜೋಲು 3 ಸೆಂ.ಮೀ. ಮೀರಬಾರದು ಅಂತಿಟ್ಟುಕೊಳ್ಳಿ. 3 ಮೀಟರ್ ತಂತಿಯನ್ನು ಸುಮಾರು 25 ಕೆ.ಜಿ. ಬಲದಲ್ಲಿ ಬಿಗಿಯಬೇಕಾಗುತ್ತೆ (ಭಾರ × ಉದ್ದ ÷ ಜೋಲಿನ ಎಂಟುಪಟ್ಟು). ಆ ಸೆಳೆತ ಒಂದೊಂದು ತುದಿಯ ಹುಕ್ಕನ್ನೂ ಗೋಡೆಯಿಂದ ಹೊರಕ್ಕೆ ಕೀಳುತ್ತೆ. ಹುಕ್ಕಿನ ಪೊಟ್ಟಣದ ಮೇಲಿನ 1–2 ಕೆ.ಜಿ. ಲೆಕ್ಕ ಗೋಡೆಗುಂಟ ಕೆಳಕ್ಕೆ ತೂಗುವ ಭಾರಕ್ಕೆ ಮಾತ್ರ. ಜೋಲನ್ನು 10 ಸೆಂ.ಮೀ.ಗೆ ಬಿಟ್ಟರೂ ಸೆಳೆತ 7.5 ಕೆ.ಜಿ., ಜೊತೆಗೆ ಪರದೆಯೆಲ್ಲ ನಡುವಿಗೆ ಜಾರಿ ಗುಡ್ಡೆಯಾಗುತ್ತೆ.

ಸ್ಪ್ರಿಂಗ್ ರಾಡ್ (ಒಳಗಿನ ಸ್ಪ್ರಿಂಗಿನ ಒತ್ತಡದಿಂದ ಎರಡು ಗೋಡೆ ನಡುವೆ ನಿಲ್ಲುವ ಕೊಳವೆ) ಅಂತ ಯಾರಾದರೂ ಹೇಳಿಯಾರು. ಅದು ಒಂದೂವರೆ, ಎರಡು ಮೀಟರಿನ ಸಂದಿಗೆ ಸರಿ. ಅದಕ್ಕಿಂತ ಉದ್ದವಾದರೆ ದಪ್ಪ ಕೊಳವೆಯೊಳಗೆ ಸಣ್ಣ ಕೊಳವೆ ಸೇರುವ ಜಾಗದಲ್ಲೇ ಬಾಗುತ್ತೆ.

ಅದಿರಲಿ, ರೂಮನ್ನೇ ಎರಡು ಮಾಡಿದರೆ ಕಿಟಕಿ ಒಬ್ಬರ ಪಾಲು, ಬಾಗಿಲು ಇನ್ನೊಬ್ಬರ ಪಾಲು. ಮರೆ ಬೇಕಿರೋದು ಮಂಚಕ್ಕೆ ತಾನೆ?

ಪೈಪುರಾಯ
ಮೇಲಿನವರ ಮಾತು ಸರಿ, ಮಂಚಕ್ಕೇ ಚೌಕಟ್ಟು ಕಟ್ಟಿ. ಎರಡು ಬದಿ ಗೋಡೆ ಇರೋದರಿಂದ ಮೂರೇ ಕಾಲು ಸಾಕು.

32 ಮಿ.ಮೀ. ಪಿವಿಸಿ ಪೈಪ್, 3 ಮೀಟರಿನವು 4. ಒಂದರಲ್ಲಿ 200 + 90, ಎರಡರಲ್ಲಿ ಒಂದೊಂದು 200, ಕೊನೆಯದರಲ್ಲಿ 190 ಸೆಂ.ಮೀ. ಕತ್ತರಿಸಿ. 200ರವು ಮೂರು ಕಾಲು, 90 ಮತ್ತು 190ರವು ಮೇಲಿನ ಅಡ್ಡಪೈಪು. ಕತ್ತರಿಸೋ ಮುಂಚೆ ಮಂಚದ ಹೊರ ಅಳತೆ ತಗೊಳ್ಳಿ. ಹಾಸಿಗೆಗಿಂತ ಮಂಚ ಕೆಲವು ಸೆಂ.ಮೀ. ದೊಡ್ಡದಿರುತ್ತೆ. 25 ಮಿ.ಮೀ. ಪೈಪಿಗೆ ಆಸೆಪಡಬೇಡಿ, 190ರ ಉದ್ದಕ್ಕೆ ನಡು ಬಾಗುತ್ತೆ.

ಬಯಲಿನ ಮೂಲೆಗೆ ಮೂರು ಬಾಯಿಯ ಮೂಲೆ ಜಾಯಿಂಟ್ 1, ಗೋಡೆ ಕಡೆಯ ಎರಡು ತುದಿಗೆ ಎಲ್ಬೋ (L ಆಕಾರದ ಜಾಯಿಂಟ್) 2, ಕಾಲುಗಳ ಅಡಿಗೆ ಮುಚ್ಚಳ 3. ಮೂರು ಬಾಯಿ ಅಂದ ತಕ್ಷಣ ಅಂಗಡಿಯಲ್ಲಿ ‘ಟೀ’ ಕೊಟ್ಟುಬಿಡ್ತಾರೆ. ಅದರ ಮೂರೂ ಬಾಯಿ ಒಂದೇ ಸಮತಲದಲ್ಲಿರುತ್ತೆ, ಮೂಲೆಗೆ ಆಗಲ್ಲ. ಅಂಟು ಹಾಕಬೇಡಿ, ಒಂದೊಂದು ಜಾಯಿಂಟಿಗೂ ಒಂದು ಚಿಕ್ಕ ಸ್ಕ್ರೂ ಬಿಗಿದರೆ ರೂಮು ಖಾಲಿ ಮಾಡುವಾಗ ಬಿಚ್ಚಬಹುದು.

ಪ್ರತಿ ಕಾಲನ್ನೂ ಮಂಚದ ಕಾಲಿಗೆ ಎರಡು ಕಡೆ ಕೇಬಲ್ ಟೈ ಹಾಕಿ ಕಟ್ಟಿ: ನೆಲದ ಹತ್ತಿರ ಒಂದು, ಮಂಚದ ಪಟ್ಟಿಯ ಹತ್ತಿರ ಒಂದು. ಒಂದೇ ಕಡೆ ಕಟ್ಟಿದರೆ ಅದೇ ತಿರುಗಣಿಯಾಗಿ ಮೇಲ್ಭಾಗ ತೂಗಾಡುತ್ತೆ. ಗೋಡೆ ಕಡೆಯ ಎರಡು ಕಾಲಿನ ತಲೆಗೆ ಈಗ ನಿಮ್ಮ ಅಂಟಿನ ಹುಕ್ ಬಳಸಿ, ದಾರದಿಂದ ಹಿಡಿದಿಟ್ಟರೆ ಸಾಕು, ಭಾರವೇನೂ ಬೀಳಲ್ಲ. ಗೋಡೆ ಉಜ್ಜಿದರೆ ಕೈಗೆ ಬಿಳಿ ಪುಡಿ ಹತ್ತುತ್ತಾ? ಹಾಗಾದರೆ ಅಂಟು ಕೂರಲ್ಲ, ಬಣ್ಣದ ಪುಡಿಯೊಂದಿಗೇ ಕಿತ್ತು ಬರುತ್ತೆ. ಉಳಿದ 1 ಮೀಟರಿನ ತುಂಡನ್ನು ಮಂಚಕ್ಕೂ ಕಾಲಿಗೂ ಓರೆಯಾಗಿ ಆನಿಸಿ ಕಟ್ಟಿ.

ಪರದೆ: ಬಯಲು ಬದಿ 280 ಸೆಂ.ಮೀ., ನೆರಿಗೆಗೆ ಒಂದೂವರೆಪಟ್ಟು, ಅಂದರೆ 420. ಹೊಲಿದ ಮೇಲೆ 140 ಅಗಲ ಬರುವ 3 ತುಂಡು. ಉದ್ದದ ಬದಿಗೆ ಎರಡು, ಕಾಲ ಕಡೆಗೆ ಒಂದು. ಮೇಲಿಂದ ಕೆಳಕ್ಕೆ ಉದ್ದ 175 ಮಾಡಿ, ನೆಲದಿಂದ 25 ಸೆಂ.ಮೀ. ಗಾಳಿಗೆ ಬಿಡಿ. ಪೈಪು ತೂರಿಸಲು ಮೇಲಂಚಿಗೆ ಲೋಹದ ಬಳೆ ಕೂರಿಸುವುದಾದರೆ ಒಳವ್ಯಾಸ 40 ಮಿ.ಮೀ., ಸಂಖ್ಯೆ ತುಂಡಿಗೆ ಸಮಸಂಖ್ಯೆ: 8 ಅಥವಾ 10. ಬೆಸವಾದರೆ ಒಂದು ಅಂಚು ಒಳಕ್ಕೆ, ಇನ್ನೊಂದು ಹೊರಕ್ಕೆ ತಿರುಗಿ ಸಂದಿ ಬೀಳುತ್ತೆ. ಮತ್ತೆ, ಪರದೆ ಪೋಣಿಸಿದ ಮೇಲೇ ಜಾಯಿಂಟ್ ಸೇರಿಸಿ. ಎಲ್ಲರೂ ತಪ್ಪೋದು ಇಲ್ಲೇ.

ನಿದ್ರಾಪ್ರಿಯ
ಬಟ್ಟೆ ಕೊಳ್ಳುವಾಗ ಒಂದು ಪರೀಕ್ಷೆ: ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯ ಹಿಂದೆ ಹಿಡಿಯಿರಿ, ಕೈಯನ್ನು ಎರಡರ ನಡುವೆ ಆಡಿಸಿ. ಬೆರಳು ಎಣಿಸೋಕಾದರೆ ಆ ಬಟ್ಟೆ ಬೇಡ. ಬಟ್ಟೆ ದಪ್ಪವಿದ್ದರೂ ಓದುವ ದೀಪವನ್ನು ಗೋಡೆ ಕಡೆ ಇಟ್ಟು ನೀವು ನಡುವೆ ಕೂತರೆ ಪರದೆ ಮೇಲೆ ತೊಗಲುಗೊಂಬೆಯಾಟವೇ. ಕ್ಲಿಪ್ ದೀಪ ಪರದೆ ಕಡೆಯ ತುದಿಯಲ್ಲಿದ್ದು, ಬೆಳಕು ಗೋಡೆ ಕಡೆಗೆ ಕೆಳಮುಖವಾಗಿ ಬೀಳಲಿ. ಎಲ್‌ಇಡಿ ದೀಪವನ್ನೇ ಬಳಸಿ, ಬಿಸಿಯಾಗುವ ಬಲ್ಬು ಬಟ್ಟೆಯ ಹತ್ತಿರ ಬೇಡ.

ಕಟ್ಟಿದ ಮೇಲೆ ರೂಮ್‌ಮೇಟಿನ ದಿಂಬಿನ ಮೇಲೆ ಫೋನಿಟ್ಟು ನಿಮ್ಮ ಮಂಚದ ಕಡೆಗೆ ಒಂದು ಫೋಟೊ ತೆಗೆಯಿರಿ. ಬೀರುವಿನ ಕನ್ನಡಿಯಲ್ಲಿ ಎಷ್ಟು ಕಾಣುತ್ತೆ ಅಂತ ಆಗ ಗೊತ್ತಾಗುತ್ತೆ.

ಇನ್ನು ಸದ್ದು. ಪರದೆಗೂ ಸದ್ದಿಗೂ ಸಂಬಂಧವಿಲ್ಲ, ಫೋನಿನ ಮಾತು ಪೂರ್ತಿ ಕೇಳಿಸುತ್ತೆ. ಕರೆ ಬಂದರೆ ಹೊರಗೆ ಹೋಗೋದೇ ಪರಿಹಾರ. ಮೆತ್ತನೆ ಸ್ಪಂಜಿನ ಇಯರ್‌ಪ್ಲಗ್ಗನ್ನು ಸಣ್ಣ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಅರ್ಧಕ್ಕೇ ಸಿಕ್ಕಿಸಿ ‘ಕೆಲಸ ಮಾಡಲ್ಲ’ ಅನ್ನೋರೇ ಜಾಸ್ತಿ.

ಪರದೆ ಮುಚ್ಚಿದ್ದರೆ ಮಾತಾಡಿಸಬಾರದೋ, ಅಥವಾ ಹೊರಗಿಂದ ಕೂಗಿ ಕೇಳಬಹುದೋ ಅನ್ನೋದನ್ನು ಮೊದಲೇ ತೀರ್ಮಾನಿಸಿ.

ಮೂಲೆಮಂಚ
ತಂತಿ ಬಿಟ್ಟೆ, ಪೈಪಿಗೇ ಹೋಗ್ತೀನಿ. ಒಂದೇ ಪ್ರಶ್ನೆ: ಮೇಲಕ್ಕೂ ಬಟ್ಟೆ ಹೊದಿಸಬಹುದಾ?

ಪೈಪುರಾಯ
ಬೇಡ. ಒಳಗೆ ಸೆಖೆಯಾಗುತ್ತೆ, ಹೊಗೆ ಪತ್ತೆ ಯಂತ್ರಕ್ಕೂ ಸ್ಪ್ರಿಂಕ್ಲರಿಗೂ (ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಚಿಮ್ಮಿಸುವ ಸಾಧನ) ಅಡ್ಡ. ಸ್ಪ್ರಿಂಕ್ಲರ್ ಇದ್ದರೆ ಅದರ ಕೆಳಗೆ ಕನಿಷ್ಠ 45 ಸೆಂ.ಮೀ. ಖಾಲಿ ಇರಬೇಕು, ಅಡ್ಡಪೈಪಿನ ಎತ್ತರವನ್ನೂ ಅದಕ್ಕೇ ಹೊಂದಿಸಿ. ಸೀಲಿಂಗ್ ಫ್ಯಾನ್ ಇದ್ದರೆ ಪೂರ್ತಿ ವೇಗದಲ್ಲಿ ಓಡಿಸಿ, ಪರದೆ ಎತ್ತ ಹಾರುತ್ತೆ ನೋಡಿ. ರೆಕ್ಕೆ ಕಡೆಗೆ ಎದ್ದರೆ ಕೆಳ ಅಂಚಿನ ಮಡಿಕೆಯೊಳಗೆ ತೂಕದ ಸರಪಳಿ ಹೊಲಿಸಿ.