ಸಹಾಯ ಬೇಕು: ಬ್ಯಾಕಪ್‌ನಿಂದ ಡೇಟಾ ಬಂತು, ಕನ್ನಡ ಹೆಸರುಗಳು ಮಾತ್ರ ಕೆಟ್ಟಿವೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ನಮ್ಮ ಚಿಕ್ಕಪ್ಪನ ಕಾಫಿ ಖರೀದಿ ಅಂಗಡಿ ಇದೆ. ಯಾವ ತೋಟದಿಂದ ಎಷ್ಟು ಮೂಟೆ ಚೆರ್ರಿ ಬಂತು, ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದೇವೆ, ಎಲ್ಲಾ ಮೈಎಸ್‌ಕ್ಯುಎಲ್ 8 ಡೇಟಾಬೇಸಲ್ಲಿತ್ತು. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದು ಹಾರ್ಡ್‌ಡಿಸ್ಕ್ ಸತ್ತೇ ಹೋಯಿತು. ಉಳಿದಿರುವುದು ಪೆನ್‌ಡ್ರೈವ್‌ನ ಒಂದೇ ಒಂದು ಡಂಪ್ ಫೈಲ್, ಅಂದರೆ ಇಡೀ ಡೇಟಾಬೇಸಿನ ಟೆಕ್ಸ್ಟ್ ಬ್ಯಾಕಪ್.

ಹೊಸ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ (ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ) ರಿಸ್ಟೋರ್ ಮಾಡಲು ಹೋದರೆ ಫೈಲನ್ನು ಒಳಗೆ ಕಳಿಸುವ ಎಡಬಾಣದ (<) ಗುರುತನ್ನೇ ಅದು ಒಪ್ಪಲಿಲ್ಲ. ಸರಿ ಅಂತ ಹಳೇ ಕಮಾಂಡ್ ಪ್ರಾಂಪ್ಟ್‌ಗೆ ಬಂದೆ, ಅಲ್ಲಿ ಫೈಲಲ್ಲಿ ಸೊನ್ನೆ ಅಕ್ಷರ ಇದೆ, ಬೈನರಿ ಮೋಡ್ ಹಾಕು ಅಂತ ಎರರ್. ನೋಟ್‌ಪ್ಯಾಡಲ್ಲಿ ತೆಗೆದಾಗ ಗೊತ್ತಾಯಿತು, ಫೈಲ್ ಯುಟಿಎಫ್-16 ಎನ್‌ಕೋಡಿಂಗ್‌ನಲ್ಲಿದೆ (ಅಕ್ಷರಗಳನ್ನು ಎರಡೆರಡು ಬೈಟಲ್ಲಿ ಬರೆಯುವ ರೀತಿ). ಬ್ಯಾಕಪ್ ತೆಗೆದದ್ದು ನಾನೇ, ಪವರ್‌ಶೆಲ್‌ನಲ್ಲೇ, ಔಟ್‌ಪುಟ್ ಫೈಲಿಗೆ ಕಳಿಸುವ ಬಲಬಾಣ (>) ಹಾಕಿ, ಅದರಿಂದಲೇ ಹೀಗಾಗಿದೆ. ಅದರ ಬದಲು ಡಂಪ್ ಕಮಾಂಡೇ ನೇರವಾಗಿ ಫೈಲಿಗೆ ಬರೆಯುವ ರಿಸಲ್ಟ್-ಫೈಲ್ ಆಪ್ಷನ್ ಕೊಡಬೇಕಿತ್ತು ಅಂತ ಈಗ ಓದಿದೆ, ಬೈಯಬೇಡಿ, ಚಿಕ್ಕಪ್ಪ ಆಗಲೇ ಸಾಕಷ್ಟು ಬೈದಿದ್ದಾರೆ.

ಯುಟಿಎಫ್-8ಕ್ಕೆ ಬದಲಿಸಿ ಸೇವ್ ಮಾಡಿದ ಮೇಲೆ ಟೇಬಲ್‌ಗಳೆಲ್ಲಾ ಬಂದವು. ದುಡ್ಡಿನ ಲೆಕ್ಕ, ತಾರೀಕು ಸರಿ ಇದೆ. ಆದರೆ ಬೆಳೆಗಾರರ ಹೆಸರು, ಊರು ಇರುವ ಕಡೆ ಕನ್ನಡದ ಬದಲು ಆಲ್ಫಾ, ಅದರ ಪಕ್ಕ ಚುಕ್ಕಿ ತುಂಬಿದ ಡಬ್ಬಿ, ಆಮೇಲೆ ಇನ್ನೊಂದು ಗುರುತು, ಮತ್ತೆ ಆಲ್ಫಾ. ಒಂದೊಂದು ಕನ್ನಡ ಅಕ್ಷರಕ್ಕೂ ಇಂಥ ಮೂರು ಗುರುತು. ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿಲ್ಲವಲ್ಲ, ಅದೇ ಆಸೆ.

ಪವರ್‌ಶೆಲ್ ಆ ಬೈಟ್‌ಗಳನ್ನು ಕೋಡ್‌ಪೇಜ್ 437 (ಹಳೇ ಡಾಸ್ ಕಾಲದ ಅಕ್ಷರಪಟ್ಟಿ) ಅಂದುಕೊಂಡು ಓದಿರಬೇಕು ಅಂತ ನನ್ನ ಅನುಮಾನ. ಹಾಗಾದರೆ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಟೂಲ್‌ನಲ್ಲಿ ಫೈಲನ್ನು 437ಕ್ಕೆ ವಾಪಸ್ ತಿರುಗಿಸಿದರೆ ಮೂಲ ಕನ್ನಡ ಸಿಗುತ್ತದಾ? ಇಡೀ ಫೈಲಿಗೆ ಮಾಡಲಾ, ಇಲ್ಲಾ ಆ ಎರಡು ಕಾಲಂಗೆ ಮಾತ್ರ ಸಾಕಾ? ಯಾರಾದರೂ ಮಾಡಿ ನೋಡಿದ್ದರೆ ಕಮಾಂಡ್ ಹೇಳಿ. ಮೂಲ ಫೈಲಿನ ಎರಡು ಕಾಪಿ ಬೇರೆ ಇಟ್ಟಿದ್ದೇನೆ, ಧೈರ್ಯವಾಗಿ ಹೇಳಿ.